ಮಚ್ಚೆ ನುಂಗಿದ ಫೋನು

ನನ್ನ ತಂಗಿಯ ಮಗಳ ಕೆನ್ನೆಯ ಮೇಲಿನ ಮಚ್ಚೆಯನ್ನು ನನ್ನ ಹೊಸ ಫೋನು ನುಂಗಿಹಾಕಿತು.

ತಮಾಷೆಯಲ್ಲ. ಎಡಗೆನ್ನೆಯ ಮೇಲೆ ತೊಗರಿಬೇಳೆಯಷ್ಟು ಅಗಲದ ಕಪ್ಪು ಮಚ್ಚೆ. ನಮ್ಮಮ್ಮನಿಗಿತ್ತು. ಅಮ್ಮ ಹೋದಮೇಲೆ ಅದು ಉಳಿದಿರುವುದು ಅಶ್ವಿನಿಯ ಮುಖದಲ್ಲಿ ಮಾತ್ರ. ಅದನ್ನು ನೋಡಿದಾಗೆಲ್ಲ ನನಗೆ ಅಮ್ಮನ ನೆನಪಾಗುತ್ತದೆ.

ಮೊದಲು ಫೋನಿನ ವಿಷಯ. ಹಳೆಯದು ಕೈಕೊಟ್ಟಿತು. ಶಿವಮೊಗ್ಗದ ಅಂಗಡಿಗೆ ಹೋಗಿ, ತೀರಾ ದುಬಾರಿ ಬೇಡ, ತೀರಾ ಅಗ್ಗದ್ದೂ ಬೇಡ, ನಡುವಿನದು ತೋರಿಸಪ್ಪಾ ಅಂದೆ. (ದುಬಾರಿ ಫೋನನ್ನು ಕೈಜಾರಿ ಬೀಳಿಸುವ ಧೈರ್ಯ ನನಗಿಲ್ಲ. ಅಗ್ಗದ್ದು ಹಿಡಿದರೆ ನಮ್ಮ ಕಾಲೇಜಿನ ಮಕ್ಕಳು ನಗುತ್ತವೆ.)

ಒಳ್ಳೆಯದನ್ನು ಒಳ್ಳೆಯದು ಅನ್ನಬೇಕು. ಬ್ಯಾಟರಿ ಭೇಷ್. ಒಮ್ಮೆ ಚಾರ್ಜ್ ಮಾಡಿದರೆ ಮಾರನೆಯ ದಿನ ಮಧ್ಯಾಹ್ನದವರೆಗೂ ಬರುತ್ತದೆ. ಬಿಸಿಲಲ್ಲೂ ಸ್ಕ್ರೀನ್ ಕಾಣುತ್ತದೆ. ಅಕ್ಷರ ದೊಡ್ಡದು, ಕನ್ನಡಕ ಹುಡುಕಬೇಕಿಲ್ಲ. ಕೆಟ್ಟದ್ದು? ಕರೆಯದೇ ಬಂದು ಕೂತ ಗೇಮುಗಳು. ದಿನಕ್ಕೆ ಹತ್ತು ಸಲ ಸಾಲ ಬೇಕಾ ಅಂತ ಪೀಡಿಸುವ ಆ್ಯಪುಗಳು. ವಿಡಿಯೋ ಕಾಲ್ ಸ್ವಲ್ಪ ಉದ್ದವಾದರೆ ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಗಾಜನೂರಿನ ಕಡೆ ಹೋದರೆ ಸಿಗ್ನಲ್ ನಾಪತ್ತೆ, ಮಾತಿನ ಮಧ್ಯೆಯೇ ಕಟ್.

ಎಲ್ಲ ಸಹಿಸಿಕೊಂಡೆ. ಯಾಕೆ? "ಕ್ಯಾಮೆರಾ ಸೂಪರ್ ಮೇಡಂ" ಅಂತ ಅಂಗಡಿಯವನು ಹೇಳಿದ್ದ!

ಆ ಭಾನುವಾರ ಭದ್ರಾವತಿಗೆ, ಕಾಗದನಗರದ ತಂಗಿ ಸುಮಿಯ ಮನೆಗೆ ಹೋಗಿದ್ದೆ. "ಅಕ್ಕಾ, ಹೊಸ ಫೋನಲ್ಲಿ ಅಶ್ವಿನೀದು ಒಂದು ಫೋಟೋ ತೆಗಿಯೇ. ರಾಗಿಗುಡ್ಡದವರು ಕೇಳಿದಾರೆ" ಅಂದಳು. ಗಂಡಿನ ಕಡೆಯವರು. ಅಶ್ವಿನಿ ಹೈಸ್ಕೂಲಲ್ಲಿ ಗಣಿತ ಹೇಳಿಕೊಡುತ್ತಾಳೆ. ಬಣ್ಣವೂ ನಮ್ಮಮ್ಮನದೇ, ಕಪ್ಪು. ಅಂಗಳದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದೆ, ಸರಿಯಾಗಿ ನೋಡದೆ ಅಲ್ಲಿಂದಲೇ ಹುಡುಗನ ತಾಯಿಗೆ ಕಳಿಸಿದೆ.

ಮುಂದಿನ ಭಾನುವಾರ ಅವರು ಬಂದರು. ಆ ತಾಯಿ ತಮ್ಮ ಫೋನ್ ನೋಡಿದರು. ಅಶ್ವಿನಿಯನ್ನು ನೋಡಿದರು. ಮತ್ತೆ ಫೋನ್ ನೋಡಿದರು.

"ಫೋಟೋದಲ್ಲಿ ಬೆಳ್ಳಗಿದ್ರಲ್ಲ? ಮುಖದ ಮೇಲೆ ಈ ಕಲೆನೂ ಇರ್ಲಿಲ್ಲ."

ಕಲೆಯಂತೆ! ನಮ್ಮಮ್ಮನ ಮಚ್ಚೆ!

ಗಡಿಬಿಡಿಯಲ್ಲಿ ನನ್ನ ಫೋನ್ ತೆಗೆದು ನೋಡಿದೆ. ಯಾರಿವಳು? ಮೈದಾಹಿಟ್ಟು ಬಳಿದ ಮುಖ. ಗಲ್ಲ ಅರ್ಧ ಸವೆದಿದೆ. ಮಚ್ಚೆ ಇದ್ದ ಜಾಗ ನುಣ್ಣಗೆ. ದೇವರಾಣೆ, ನಾನು ಕ್ಯಾಮೆರಾ ಬಟನ್ ಬಿಟ್ಟು ಇನ್ನೇನನ್ನೂ ಒತ್ತಿರಲಿಲ್ಲ. "ಅದು ಫೋನೇ ಮಾಡಿದ್ದು, ನಾವೇನೂ ಮಾಡಿಲ್ಲ" ಅಂತ ಕಳ್ಳಿಯ ಹಾಗೆ ತೊದಲಿದೆ. ನಮ್ಮ ಸುಮಿಯೋ, ಇನ್ನೂ ಒಂದು ಹೆಜ್ಜೆ ಮುಂದೆ. "ಬೇಕಾದ್ರೆ ತೆಗೆಸಬಹುದಂತೆ, ಈಗೆಲ್ಲ ಲೇಸರ್ ಬಂದಿದೆ" ಅಂದುಬಿಟ್ಟಳು! ಅಶ್ವಿನಿ ತಲೆ ಎತ್ತಿ ತನ್ನಮ್ಮನನ್ನೇ ನೋಡುತ್ತಿದ್ದಳು. ಆ ನೋಟ ನನಗೆ ಇನ್ನೂ ಚುಚ್ಚುತ್ತಿದೆ.

ಇನ್ನೊಂದು ವಿಷಯ ಹೇಳಲೇಬೇಕು. ಹುಡುಗನ ಫೋಟೋವನ್ನೂ ನಾವು ನೋಡಿದ್ದೆವು. ಬೆಣ್ಣೆಯಂಥ ಮುಖ. ಎದುರಿಗೆ ಬಂದು ಕೂತವನ ಎರಡೂ ಕೆನ್ನೆಯ ತುಂಬ ಮೊಡವೆಯ ಕಲೆಗಳು, ಬಣ್ಣವೂ ನಮ್ಮ ಹುಡುಗಿಯದೇ. ಅದರಲ್ಲಿ ತಪ್ಪೇನಿಲ್ಲ, ಪಾಪ, ಲಕ್ಷಣವಾಗಿಯೇ ಇದ್ದ. ಆದರೆ ನಾವ್ಯಾರಾದರೂ "ಫೋಟೋದಲ್ಲಿ ಹೀಗಿರಲಿಲ್ಲವಲ್ಲ" ಅಂದೆವಾ? ಇಲ್ಲ. ತಟ್ಟೆಗೆ ಇನ್ನೊಂದು ಚಮಚ ಕೇಸರಿಬಾತ್ ಬಡಿಸಿದೆವು.

ಮಾರನೆಯ ದಿನ ಅಂಗಡಿಗೆ ನುಗ್ಗಿದೆ. ಅವನು ನಗುತ್ತಾನೆ! "ಅದು ಬ್ಯೂಟಿ ಮೋಡ್ ಮೇಡಂ. ಫೋನ್ ಬರುವಾಗ್ಲೇ ಆನ್ ಇರುತ್ತೆ. ಅದೇ ಇದರ ಪ್ಲಸ್ ಪಾಯಿಂಟು. ಆಫ್ ಮಾಡಿ ಕೊಟ್ರೆ ಕ್ಯಾಮೆರಾ ಸರಿ ಇಲ್ಲ ಅಂತ ವಾಪಸ್ ತರ್ತಾರೆ."

ಮೈಯೆಲ್ಲ ಉರಿದುಹೋಯಿತು. ನನ್ನ ದುಡ್ಡು, ನನ್ನ ಫೋನು, ನಮ್ಮ ಹುಡುಗಿಯ ಮುಖ. ಅದು ಸರಿಯಿಲ್ಲ, ರಿಪೇರಿ ಮಾಡಬೇಕು ಅಂತ ತೀರ್ಮಾನ ಮಾಡೋಕೆ ಇವರ್ಯಾರು? ನಮ್ಮಮ್ಮ ಬದುಕಿದ್ದಿದ್ದರೆ ಅವಳ ಮುಖವನ್ನೂ ಹೀಗೇ ಉಜ್ಜಿ ಒರೆಸುತ್ತಿತ್ತಲ್ಲ ಈ ದರಿದ್ರ ಯಂತ್ರ! ಅಲ್ಲೇ ನಿಂತು ಅದನ್ನು ಆಫ್ ಮಾಡಿಸಿಕೊಂಡೆ.

ಸಂಜೆಯೇ ಬಸ್ ಹತ್ತಿ ಭದ್ರಾವತಿಗೆ ಹೋದೆ. ಅದೇ ಅಂಗಳದಲ್ಲಿ ಅಶ್ವಿನಿಯ ಇನ್ನೊಂದು ಫೋಟೋ ತೆಗೆದೆ. ಬಣ್ಣ ಬಂತು, ಗಲ್ಲ ಬಂತು, ಮಚ್ಚೆ ಬಂತು. "ಇದು ನಾನು" ಅಂದಳು ಹುಡುಗಿ. ಮುಖ ಸ್ವಲ್ಪ ಅರಳಿತು.

ಅಷ್ಟರಲ್ಲಿ ಕೈಯಲ್ಲಿದ್ದ ಅದೇ ಫೋನು ಬಡಕೊಂಡಿತು. ರಾಗಿಗುಡ್ಡದ ತಾಯಿ. ಸ್ಪೀಕರಿಗೆ ಹಾಕಿದೆ. ಸ್ವರ ಬಹಳ ಧಾರಾಳವಾಗಿತ್ತು. "ಹುಡುಗಿ ಓದಿದಾಳೆ, ಕೆಲಸದಲ್ಲಿದಾಳೆ, ಬಣ್ಣಕ್ಕೆ ನಾವು ಅಡ್ಜಸ್ಟ್ ಮಾಡ್ಕೋತೀವಿ. ನಿಮ್ಮ ತಂಗಿ ಹೇಳಿದ್ರಲ್ಲ, ಲೇಸರ್ರು? ಆ ಕಲೆ ಒಂದು ತೆಗೆಸಿಬಿಡಿ. ಮುಂದಿನ ಮಾತು ಆಡೋಣ."

ಸುಮಿ ಆಸೆಯಿಂದ ಮಗಳ ಮುಖ ನೋಡಿದಳು. "ಸ್ವಲ್ಪ ಯೋಚನೆ ಮಾಡೇ ಮಾರಾಯ್ತಿ" ಅಂತ ಪಿಸುಗುಟ್ಟಿದಳು.

ಅಶ್ವಿನಿ ಯೋಚನೆ ಮಾಡಲಿಲ್ಲ. ಮೆಲ್ಲಗೆ ಕೆನ್ನೆ ಮುಟ್ಟಿಕೊಂಡಳು. "ದೊಡ್ಡಮ್ಮ, ಅವರ ಮಗನ ಮೊಡವೆ ಕಲೆ ಯಾವಾಗ ತೆಗೆಸ್ತಾರಂತೆ? ಕೇಳಿ."

ಕೇಳಿದೆ. ಒಂದಕ್ಷರ ಬಿಡದೆ, ಗಟ್ಟಿಯಾಗಿಯೇ ಕೇಳಿದೆ.

ಆ ಕಡೆಯಿಂದ ಫೋನ್ ಕಟ್ಟಾಯಿತು. ನೋಡಿದೆ, ಸಿಗ್ನಲ್ ಫುಲ್ ಇತ್ತು.