ಬಣ್ಣದ ವಾಸನೆ ಆಗದವಳು

ಇವತ್ತು ಬೆಳಿಗ್ಗೆ ಮೊಳಕಾಲ್ಮುರಿನಿಂದ ರಾಂಪುರಕ್ಕೆ ಹೊರಟ ಬಸ್ಸಿನಲ್ಲಿ ಮುಂದಿನ ಸೀಟಿನವರು ಜೇಬಿನಿಂದ ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡು, ಹಿಂದಕ್ಕೆ ತಿರುಗಿ ನನ್ನ ಮುಖಕ್ಕೇ ಮಾತಾಡತೊಡಗಿದರು. ಏಲಕ್ಕಿಯ ಘಮ, ಅದರ ಬೆನ್ನಿಗೇ ಬಾಯಿಯ ನಾತ. ಈ ಏಲಕ್ಕಿ ಜನರನ್ನು ಕಂಡರೆ ನನಗಾಗುವುದಿಲ್ಲ. ತಿಪ್ಪೆಯ ಮೇಲೆ ಮಲ್ಲಿಗೆ ಸುರಿದು ಹಿತ್ತಲು ಚೊಕ್ಕಟವಾಯಿತೆಂದು ನಂಬುವ ಪೈಕಿ. ನೀವು ಅಂಥವರಲ್ಲ ಎಂದುಕೊಳ್ಳುತ್ತೇನೆ. ನಾನಂತೂ ಇಪ್ಪತ್ತು ವರ್ಷ ಅಂಥವನೇ ಆಗಿದ್ದೆ.

ನಾನು ರೇಷ್ಮೆ ಸೀರೆ ನೇಯುವವನು. ಮಗ್ಗಕ್ಕೆ ಹೊಸ ಹಾಸು, ಅಂದರೆ ಸೀರೆಯ ಉದ್ದದ ಎಳೆಗಳನ್ನು, ಏರಿಸುವಾಗ ಬಣ್ಣ ಹಾಕಿದ ಒಂದೊಂದು ಎಳೆಯನ್ನೂ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳ ನಡುವೆ ದಾಟಿಸಬೇಕು. ಆಚೆ ಒಬ್ಬರು, ಈಚೆ ಒಬ್ಬರು. ಒಬ್ಬರು ಕೊಟ್ಟಿದ್ದನ್ನು ಇನ್ನೊಬ್ಬರು ಎಳೆದುಕೊಳ್ಳಬೇಕು. ಮುಖಕ್ಕೂ ಮುಖಕ್ಕೂ ಮೊಳದಷ್ಟು ಅಂತರವಿರುವುದಿಲ್ಲ. ಆಚೆ ಕೂರುವವಳು ನನ್ನ ಹೆಂಡತಿ ಗೌರಮ್ಮ. ಕೂತೊಡನೆ ಸೆರಗನ್ನು ಮೂಗಿನ ಮೇಲೆ ಬಿಗಿದು, ತುಟಿ ಪಿಟಕ್ಕೆನ್ನದೆ ಕೆಲಸ ಮಾಡುತ್ತಿದ್ದಳು. ಕೇಳಿದರೆ, "ಬಣ್ಣದ ವಾಸ್ನೆ ಆಗಲ್ರಿ ನಂಗೆ" ಎನ್ನುತ್ತಿದ್ದಳು.

ಅವಳೋ ನೇಕಾರರ ಮನೆಯಲ್ಲೇ ಹುಟ್ಟಿದವಳು. ನನಗೆ ಆಡಿಕೊಳ್ಳಲು ಅಷ್ಟು ಸಾಕಾಯಿತು. ಅವಳ ತವರು ರಾಂಪುರಕ್ಕೆ ಹೋದಾಗಲೆಲ್ಲ ಅವಳಣ್ಣನ ಮುಂದೆ, "ನಿಮ್ ತಂಗಿ ಮಹಾರಾಣಿ ಭಾವ. ಬಣ್ಣದ ವಾಸ್ನೆ ಬಂದ್ರೆ ಮೂಗು ಮುಚ್ಕೊಂತಾಳೆ" ಎನ್ನುತ್ತಿದ್ದೆ. ಇಡೀ ಮನೆ ನಗುತ್ತಿತ್ತು. ಅವಳು ಎದ್ದು ಒಳಗೆ ಹೋಗುತ್ತಿದ್ದಳು.

ಹೋದ ವರ್ಷ ನನಗೆ ಕೆಮ್ಮು ಹಿಡಿದಾಗ ಆಸ್ಪತ್ರೆಯಲ್ಲಿ ಮಾಸ್ಕ್ ಹಾಕಿಕೊಳ್ಳಿ ಎಂದರು. ಕೊರೊನಾ ಕಾಲದಲ್ಲಿ ಅದನ್ನು ಗದ್ದಕ್ಕೆ ನೇತುಹಾಕಿಕೊಂಡು ತಿರುಗಿದ ಶೂರ ನಾನು. ಮೂಗಿನವರೆಗೆ ಏರಿಸಿದ್ದು ಅದೇ ಮೊದಲು. ಸತ್ತ ಇಲಿಯ ನಾತ. ಚಳ್ಳಕೆರೆಗೆ, ಅದನ್ನು ಕೊಂಡ ಅಂಗಡಿಗೇ ಹೋಗಿ, ಕೊಳೆತ ಮಾಲು ಮಾರುತ್ತೀರಾ ಎಂದು ನಾಲ್ಕು ಜನರೆದುರು ಜಗಳ ತೆಗೆದೆ. ಅಂಗಡಿಯ ಸಾಹೇಬರು ಒಂದು ಹೊಸ ಮಾಸ್ಕ್ ತೆಗೆದು ನನ್ನ ಕೈಗಿಟ್ಟರು.

"ಬೇಜಾರ್ ಮಾಡ್ಕೋಬೇಡ್ರಿ ಭಾಯಿ. ಇದು ಹೊಸಾದು, ಮೂಸ್ರಿ. ಈಗ ನಿಮ್ದು ಮೂಸ್ರಿ."

ಮೂಸಿದೆ. ಹೊಸದರಲ್ಲಿ ನಾತವೇ ಇಲ್ಲ, ನನ್ನ ಬಾಯಿ ತಾಗಿದ್ದರಲ್ಲಿ ಮಾತ್ರ. ಅಲ್ಲಿ ನಿಂತಿದ್ದವರು ಯಾರೂ ನಗಲಿಲ್ಲ, ಅದೇ ಹೆಚ್ಚು ಅವಮಾನ.

ಹಲ್ಲಿನ ಡಾಕ್ಟರಮ್ಮನ ಮುಂದೆಯೂ ನನ್ನ ಜಂಬ ಇಳಿದಿರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದೆ. "ಪಾಪ, ಹೊಟ್ಟೆ ಮೇಲ್ಯಾಕೆ ಹಾಕ್ತೀರಿ? ನಾಲಿಗೆಯ ಹಿಂಭಾಗ ಒಂದಿನನಾದ್ರೂ ಉಜ್ಜಿದ್ದೀರಾ?" ಎಂದರು. ವಸಡಿನಲ್ಲಿ ಕೀವು, ಹಲ್ಲಿನ ಬುಡದಲ್ಲಿ ಗಾರೆಯಂತೆ ಗಟ್ಟಿಯಾದ ಪಾಚಿ. ಅದನ್ನೆಲ್ಲ ಕೆರೆದು, ಒಂದು ಹುಳುಕು ಹಲ್ಲು ಕಿತ್ತರು. ಮಲಗುವ ಮುಂಚೆಯೂ ಹಲ್ಲುಜ್ಜಬೇಕು, ನಾಲಿಗೆ ಕೆರೆಯಬೇಕು, ಚೆನ್ನಾಗಿ ನೀರು ಕುಡಿಯಬೇಕು, ಅಡಿಕೆ ಬಿಡಬೇಕು. ಇಷ್ಟೇ. ಇಷ್ಟಕ್ಕೆ ನಾನು ಏಲಕ್ಕಿ, ಲವಂಗ, ಸೋಂಪು ಎಂದು ಒಂದು ದಿನಸಿ ಅಂಗಡಿಯನ್ನೇ ಅಗಿದು ಮುಗಿಸಿದ್ದೆ. ನಾತ ಪೂರ್ತಿ ಹೋಗಲು ತಿಂಗಳುಗಳೇ ಹಿಡಿದವು.

ಮೊನ್ನೆ ಹೊಸ ಹಾಸು ಏರಿಸಲು ಕೂತೆವು. ಗೌರಮ್ಮನ ಸೆರಗು ಹೆಗಲ ಮೇಲೇ ಇತ್ತು. ದೊಡ್ಡ ಮನಸ್ಸು ಮಾಡಿದವನಂತೆ ಕೇಳಿದೆ: "ಇಷ್ಟ್ ವರ್ಷದಾಗೆ ಒಂದ್ ಮಾತು ಹೇಳಬಾರ್ದಿತ್ತೇನೇ?"

ಅವಳು ಎಳೆಯಿಂದ ಕಣ್ಣು ತೆಗೆಯಲಿಲ್ಲ. "ಹೇಳಿದ್ದೆ. ಮದ್ವೆಯಾದ ಎರಡ್ನೇ ತಿಂಗ್ಳು. ಅವತ್ತೇ ರಾಂಪುರದ ಬಸ್ ಹತ್ತಿಸಿದ್ರಿ. ಒಂದ್ ತಿಂಗ್ಳು ಕರೆಯಾಕೆ ಬರ್ಲಿಲ್ಲ."

ಆ ಒಂದು ತಿಂಗಳನ್ನು ನಾನು, ಅವಳಿಗೆ ತವರಿನ ಹುಚ್ಚು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಹೇಳಿ ಹೇಳಿ ನನಗೂ ಅದೇ ನಿಜವಾಗಿತ್ತು. ಎಂಥ ನೀಚ ನಾನು ಅನ್ನಿಸಿತು. ತಪ್ಪಾಯಿತು ಎನ್ನಲು ಮಾತ್ರ ಬಾಯಿ ಬರಲಿಲ್ಲ. "ನಿಮ್ಮಣ್ಣಂಗೆ ನಾನೇ ಹೇಳ್ತೀನಿ, ನಾತ ಬಣ್ಣದ್ದಲ್ಲ, ನಂದು ಅಂತ" ಎಂದೆ. ಬೇಡ ಬಿಡ್ರಿ ಎನ್ನುತ್ತಾಳೆಂಬ ಧೈರ್ಯದಿಂದಲೇ ಹೇಳಿದ್ದು.

"ಯಾವತ್ತು?" ಎಂದಳು.

ಅದಕ್ಕೇ ಈ ಪ್ರಯಾಣ. ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಳ್ಳುತ್ತಿದ್ದೇನೆ, ಒಂದೂ ನಿಲ್ಲುತ್ತಿಲ್ಲ. ರಾಂಪುರ ಇನ್ನೂ ದೂರವಿರುವಾಗಲೇ ಪಕ್ಕದಲ್ಲಿದ್ದ ಗೌರಮ್ಮ ಇಳಿಯಲು ಎದ್ದು ನಿಂತಳು.

"ಏಳ್ರಿ. ಎಲ್ರೂ ಮನೇಲೇ ಅದಾರೆ. ಎಲ್ಲೂ ಹೋಗ್ಬೇಡ್ರಿ ಅಂತ ಫೋನ್ ಮಾಡಿ ಹೇಳೀನಿ."