ಒಂಬತ್ತು ಕೆಂಪು ಚುಕ್ಕೆ

ಬೀಗ ಹಾಕಿದ ಮೇಲೆ ಅದನ್ನೊಮ್ಮೆ ಜಗ್ಗಿ ನೋಡುತ್ತೇನೆ. ಹತ್ತು ಹೆಜ್ಜೆ ಹೋಗಿ, ಮರಳಿ ಬಂದು ಮತ್ತೆ ಜಗ್ಗುತ್ತೇನೆ. ಹಾಲಿನವನು ಕ್ಯಾನಿನ ಮುಚ್ಚಳ ತೆಗೆಯುವಾಗ ನನ್ನ ಕಣ್ಣು ಹಾಲಿನ ಮೇಲಿರುವುದಿಲ್ಲ, ಅವನ ಕೈಯ ಮೇಲಿರುತ್ತದೆ. "ನಿಮಗ ದೇವರ ಮ್ಯಾಲೂ ಡೌಟೇ" ಎನ್ನುತ್ತಾಳೆ ಹೆಂಡತಿ. ಇಂಥ ನಾನು ಕಣ್ಣು ಮುಚ್ಚಿ ನಂಬಿದ್ದು ಒಬ್ಬನನ್ನೇ, ಅಫಜಲಪುರದ ನಮ್ಮ ಉಸ್ತಾದನನ್ನು. ಏಳನೆಯ ಇಯತ್ತೆಯವರೆಗೆ ಒಂದೇ ಬೆಂಚಿನಲ್ಲಿ ಕೂತವರು ನಾವು. ನಾನು ಮಾಸ್ತರನಾದೆ, ಅವನು ಗ್ಯಾರೇಜು ತೆರೆದ. ಗಾಡಿ ರಿಪೇರಿಯಾದಾಗಲೆಲ್ಲ ಎದುರಿನ ಹೋಟೆಲಿನಿಂದ ಒಂದೇ ಚಹಾ ಬರುತ್ತಿತ್ತು. ಕಪ್ಪಿನಲ್ಲಿ ಉಳಿದದ್ದು ನನಗೆ, ಬಸಿಯ ತಟ್ಟೆಗೆ ಸುರಿದದ್ದು ಅವನಿಗೆ.

ನನ್ನದು ಇಪ್ಪತ್ತು ವರ್ಷದ ಪೆಟ್ರೋಲ್ ಕಾರು, ಇಂಜೆಕ್ಷನ್ ಇಂಜಿನ್ನಿನದು. ಹೋದ ವರ್ಷ ಒಂದು ಅಮಾವಾಸ್ಯೆಯ ದಿನ ಉಸ್ತಾದನ ಹತ್ತಿರ ಪ್ಲಗ್ ಬದಲಾಯಿಸಿಕೊಂಡು, ಅಲ್ಲಿಂದಲೇ ಘತ್ತರಗಿಗೆ ಹೋದೆ. ಭಾಗ್ಯವಂತಿಯ ದರ್ಶನ ಮಾಡಿ, ಗಾಡಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದೆ. ಎಲ್ಲರೂ ಮುಂದಿನ ಬಂಪರಿಗೆ ಕಟ್ಟುತ್ತಾರೆ. ಊರಿಗೆ ಒಂದು ದಾರಿಯಾದರೆ ಪೋರನಿಗೆ ಒಂದು ದಾರಿ. ಹೊರಗೆ ಕಟ್ಟಿದರೆ ಯಾರಾದರೂ ಕಿತ್ತೊಯ್ದು ಏನಾದರೂ ಮಾಡಿಸಿಬಿಟ್ಟಾರೆಂದು ನಾನು ಬಾನೆಟ್ಟಿನ ಒಳಗೆ, ಕೈಗೆ ಸಿಕ್ಕಿದ ಕಡೆ ಬಿಗಿಯಾಗಿ ಕಟ್ಟಿದೆ.

ಮರುದಿನ ಬೆಳಿಗ್ಗೆ ಹತ್ತು ಸಲ ಕೀಲಿ ತಿರುವಿದರೂ ಗಾಡಿ ಕೆಮ್ಮಿತೇ ಹೊರತು ಶುರುವಾಗಲಿಲ್ಲ. ಹೇಗೋ ಶುರುವಾಯಿತೆಂದರೆ, ನಿಂತಲ್ಲಿ ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಆಕ್ಸಿಲರೇಟರ್ ತುಳಿದರೆ ಸುಮ್ಮನಾಗುತ್ತಿತ್ತು, ಬಿಟ್ಟರೆ ಮತ್ತೆ ನಡುಕ. ಅತನೂರಿನ ನಮ್ಮ ಶಾಲೆಯ ಮುಂದೆ ಮಕ್ಕಳ ಎದುರಿಗೇ ನಿಂತುಬಿಟ್ಟಿತು.

ಉಸ್ತಾದನಿಗೆ ಫೋನ್ ಮಾಡಿದೆ.

"ಪ್ಲಗ್ ಹಾಕಿದಾಗಿನಿಂದ ಹಿಂಗ ಆಗ್ಯಾದ" ಎಂದೆ.

"ಹಳೇ ಪ್ಲಗ್ ನಿನ್ನ ಡಿಕ್ಕ್ಯಾಗೇ ಇಟ್ಟೀನಿ, ನೋಡ್ಕೊ" ಎಂದ.

ಹಳೆಯದರ ಮಾತು ನಾನು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಡಿಕ್ಕಿ ತೆಗೆದೆ. ಕಾಗದದಲ್ಲಿ ಸುತ್ತಿದ ನಾಲ್ಕು ಕರಿ ಪ್ಲಗ್ಗುಗಳಿದ್ದವು. ಯಾವ ಗಾಡಿಯವೋ ಯಾರಿಗೆ ಗೊತ್ತು ಎಂದಿತು ಮನಸ್ಸು. ಆ ವಾರವೆಲ್ಲ ಅವನ ಹಳೆಯ ಮಾತುಗಳನ್ನೆಲ್ಲ ಕೆದರಿದೆ. ಒಮ್ಮೆ ನನ್ನ ಬ್ಯಾಟರಿಯನ್ನು "ಭಾರೀ ಚಲೋ ಅದ" ಎಂದು ಹೊಗಳಿದ್ದ. ಯಾಕೆ ಹೊಗಳಬೇಕಿತ್ತು?

ಗಾಡಿ ಒಯ್ಯುವ ದಿನ ಬೆಳಿಗ್ಗೆ ಹೆಂಡತಿಯ ನೇಲ್ ಪಾಲಿಶ್ ತೆಗೆದುಕೊಂಡೆ. ನಾಲ್ಕು ಇಂಜೆಕ್ಟರು, ನಾಲ್ಕು ಪ್ಲಗ್ ವೈರು, ಒಂದು ಬ್ಯಾಟರಿ. ಒಂದೊಂದಕ್ಕೂ ಸಾಸಿವೆಯಷ್ಟು ಕೆಂಪು ಚುಕ್ಕೆ ಇಟ್ಟೆ. ಬದಲಾಯಿಸಿದರೆ ಸಿಕ್ಕಿಬೀಳಲಿ ಎಂದು.

"ಬಿಟ್ಟು ಹೋಗು, ಸಂಜಿಗಿ ಬಾ" ಎಂದ ಉಸ್ತಾದ. ನಾನು ಹೋಗಲಿಲ್ಲ. ಎದುರಿನ ಹೋಟೆಲಿನಲ್ಲಿ ಕೂತು ಅವನ ಕೈಯನ್ನೇ ನೋಡಿದೆ. ಅವನು ಬಾನೆಟ್ ಎತ್ತಿ, ಬ್ಯಾಟರಿಯ ಮೇಲೊಮ್ಮೆ ಬೆರಳಾಡಿಸಿದ. ಆಮೇಲೆ ಇಂಜಿನ್ ಶುರು ಮಾಡಿ, ಬಗ್ಗಿ, ಬಹಳ ಹೊತ್ತು ಕಿವಿಗೊಟ್ಟು ಕೇಳಿದ. ಕೊನೆಗೆ ನನ್ನನ್ನು ಕೈಮಾಡಿ ಕರೆದ.

"ಇಲ್ನೋಡು" ಎಂದು ಕಿರುಬೆರಳ ಗಾತ್ರದ ಒಂದು ರಬ್ಬರ್ ಪೈಪನ್ನು ಎರಡು ಬೆರಳಿನಿಂದ ಹಿಚುಕಿ ಹಿಡಿದ. ನಡುಕ ನಿಂತಿತು. ಬಿಟ್ಟ. ನಡುಗಿತು. "ಪೈಪ್ ಸೀಳ್ಯಾದ. ಬೇಕಿಲ್ಲದ ಹವಾ ಇಲ್ಲಿಂದ ಒಳಗ ಹೋಗಾಕತ್ತದ. ಅದಕ್ಕ ಶುರುನೂ ಆಗವಲ್ದು, ನಿಂತಲ್ಲಿ ನಿಲ್ಲವಲ್ದು."

ಸೀಳಿನ ಮೇಲೆಯೇ ದಾರ ಬಿಗಿದಿತ್ತು. ದಾರದ ತುದಿಯಲ್ಲಿ ಒಣಗಿದ ನಿಂಬೆಹಣ್ಣು.

"ಯಾರು ಕಟ್ಟ್ಯಾರ ಇದನ್ನ?"

"ನಾನೇ" ಎಂದೆ.

ಅವನು ದಾರ ಕತ್ತರಿಸಿ, ನಿಂಬೆಹಣ್ಣನ್ನು ಪಕ್ಕಕ್ಕೆ ಜತನವಾಗಿ ಇಟ್ಟು, ಹೊಸ ಪೈಪು ಹಾಕಿದ. ಅರ್ಧ ತಿರುವಿಗೆ ಇಂಜಿನ್ ಎದ್ದಿತು, ನಡುಕವಿಲ್ಲದೆ ಒಂದೇ ಸಮ ಓಡತೊಡಗಿತು. ನಾನು ಗಡಿಬಿಡಿಯಿಂದ ಬಾನೆಟ್ ಮುಚ್ಚಲು ಹೋದೆ.

"ನಿಂದರು" ಎಂದ. ಚಿಂದಿಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ, ಬ್ಯಾಟರಿಯ ಚುಕ್ಕೆ ಒರೆಸಿದ. ಆಮೇಲೆ ವೈರುಗಳದ್ದು. ಆಮೇಲೆ ಇಂಜೆಕ್ಟರುಗಳದ್ದು. ಅವಸರ ಮಾಡಲಿಲ್ಲ, ನನ್ನ ಮುಖ ನೋಡಲಿಲ್ಲ.

"ಎಂಟು ಸಿಕ್ಕಾವ. ಮುಗೀತಾ?"

ಸುಳ್ಳು ಹೇಳಬಹುದಿತ್ತು. "ಇನ್ನೊಂದು ಅದ" ಎಂದು, ಮೂಲೆಯ ಇಂಜೆಕ್ಟರಿನ ಹಿಂಬದಿಗೆ ನಾನೇ ಬೆರಳು ತೋರಿಸಿದೆ. ಅದನ್ನೂ ಒರೆಸಿದ.

ಎಂದಿನಂತೆ ಹೋಟೆಲಿನಿಂದ ಚಹಾ ಬಂತು. ನಾನು ಬಸಿಯ ತುಂಬ ಸುರಿದು ಅವನ ಕಡೆ ಚಾಚಿದೆ.

"ನೀ ಕುಡಿ. ನನಗ ಹೊಟ್ಟಿ ಸರಿ ಇಲ್ಲ" ಎಂದು ಇನ್ನೊಂದು ಗಾಡಿಯ ಕಡೆ ಹೊರಳಿದ.

ಅಷ್ಟು ವರ್ಷಗಳಲ್ಲಿ ಅವನು ನನಗೆ ಹೇಳಿದ ಮೊದಲ ಸುಳ್ಳು ಅದು.