ಕುದುರೆಗೆ ಹೆದರುತ್ತಿದ್ದ ನರ್ಸಮ್ಮ

೧೯೪೮ರಲ್ಲಿ, ಐದನೇ ಕ್ಲಾಸಿನ ನಡುವೆಯೇ ನಾನು ಓದು ನಿಲ್ಲಿಸಿದೆ. ದಾವಣಗೆರೆ ರೈಲ್ವೆ ಸ್ಟೇಷನ್ನಿನ ಮುಂದೆ ಜಟಕಾ ಹೊಡೆಯುತ್ತಿದ್ದ ಅಪ್ಪನಿಗೆ ಸೊಂಟ ಹಿಡಿದು ಮೇಲೇಳಲು ಆಗದೆ ಹೋದಾಗ ನಾನು ಸ್ಲೇಟು ಬಿಟ್ಟು ಲಗಾಮು ಹಿಡಿದೆ. ಅದಕ್ಕಾಗಿ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಹತ್ತು ವರ್ಷ ಕಳೆಯುವಷ್ಟರಲ್ಲಿ ಸ್ವಂತ ಗಾಡಿ ಕಟ್ಟಿಸಿದೆ, ಸ್ವಂತ ಕುದುರೆ ಕೊಂಡೆ. ಹೆಸರೇನೋ ಬಿಜಲಿ, ಅಂದರೆ ಸಿಡಿಲುಮಿಂಚು, ನಡಿಗೆ ಮಾತ್ರ ಎಮ್ಮೆಯದು. ಜಟಕಾ ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಿಲ್ಲುತ್ತಿದ್ದ ರುದ್ರಪ್ಪ, ‘ಖಾಸಿಂ, ನಿನ್ ಬಿಜಲಿ ಬಿದ್ರೆ ಹುಲ್ಲೂ ಸುಡಂಗಿಲ್ಲ ಬಿಡು’ ಎಂದು ದಿನಾ ಕೆಣಕುತ್ತಿದ್ದ.

ಆ ಕಾಲದಲ್ಲಿ ಹೆಚ್ಚಿನ ಹೆರಿಗೆಗಳು ಮನೆಯಲ್ಲೇ ಆಗುತ್ತಿದ್ದವು. ಕರೆ ಬಂದರೆ ಹೆರಿಗೆ ಆಸ್ಪತ್ರೆಯ ನರ್ಸು ಚೀಲ ಹಿಡಿದು ಹೊರಡಬೇಕು. ಆಸ್ಪತ್ರೆಗೆ ಮೋಟಾರು ಇರಲಿಲ್ಲ, ನನ್ನ ಜಟಕಾವನ್ನೇ ತಿಂಗಳ ಲೆಕ್ಕಕ್ಕೆ ಗೊತ್ತುಮಾಡಿಕೊಂಡಿದ್ದರು. ೧೯೫೮ರ ಚಳಿಗಾಲದಲ್ಲಿ ಹರಿಹರದ ಶಾಂತಮ್ಮ ಎಂಬ ಹುಡುಗಿ ಹೊಸ ನರ್ಸಾಗಿ ಬಂದರು.

ಮೊದಲ ದಿನ ಗಾಡಿ ನೋಡಿದವರೇ ಗೇಟಿನಲ್ಲಿ ನಿಂತುಬಿಟ್ಟರು. ‘ನೀವು ನಡೀರಿ, ನಾ ಹಿಂದೆ ನಡ್ಕೊಂಡು ಬರ್ತೀನಿ’ ಎಂದರು. ನನಗೆ ಮೈ ಉರಿಯಿತು.

‘ಯಾಕ್ರಿ ಅಮ್ಮಾರ, ಸಾಬರ ಗಾಡಿ ಹತ್ತಿದ್ರೆ ಮೈಲಿಗೆ ಆಗ್ತೈತೇನ್ರಿ?’

‘ಅಯ್ಯೋ, ಅದಲ್ರಿ ಅಣ್ಣಾ! ನಾ ಹೆದರೋದು ಗಾಡಿಗಲ್ಲ, ನಿಮಗೂ ಅಲ್ಲ. ಅದಕ್ಕೆ.’ ಬೆರಳು ಬಿಜಲಿಯ ಕಡೆ ತೋರಿಸುತ್ತಿತ್ತು. ಆ ಚಳಿಯಲ್ಲೂ ಅವರ ಹಣೆ ಬೆವೆತಿತ್ತು.

ಅವತ್ತು ನಡೆದೇ ಹೋದರು. ತಲುಪುವಷ್ಟರಲ್ಲಿ ಮಗು ಹುಟ್ಟಿ, ಓಣಿಯ ಮುದುಕಿಯೊಬ್ಬಳು ಕುಡುಗೋಲಿನಿಂದ ಹೊಕ್ಕುಳಬಳ್ಳಿ ಕೊಯ್ದಾಗಿತ್ತು, ಬಾಣಂತಿಗೆ ರಕ್ತ ನಿಂತಿರಲಿಲ್ಲ. ಹೇಗೋ ಉಳಿದಳು. ಸುದ್ದಿ ಕೇಳಿದ ಆಸ್ಪತ್ರೆಯ ಡಾಕ್ಟರಮ್ಮ ಕೂಗಾಡಲಿಲ್ಲ. ‘ಶಾಂತಮ್ಮ, ನಿಮ್ಮನ್ನು ತಗೊಂಡಿದ್ದೇ ಮನೆ ಹೆರಿಗೆಗೆ. ಯುಗಾದಿವರೆಗೆ ನೋಡ್ತೀನಿ, ಆಮೇಲೆ ಬೇರೆಯವರನ್ನ ಕರೆಸ್ಕೋತೀನಿ’ ಎಂದರು ಅಷ್ಟೆ. ಹರಿಹರದಲ್ಲಿ ವಿಧವೆ ತಾಯಿಯ ಮನೆ ನಡೆಯುತ್ತಿದ್ದದ್ದು ಈಕೆಯ ಸಂಬಳದಿಂದ.

ಆರು ವರ್ಷದವಳಿದ್ದಾಗ ಹರಿಹರ ಸ್ಟೇಷನ್ನಿನ ಮುಂದೆ ಕುದುರೆಯೊಂದು ಶಾಂತಮ್ಮನ ಭುಜ ಕಚ್ಚಿ ಎತ್ತಿ ಒಗೆದಿತ್ತಂತೆ. ‘ಎಲ್ಲಾ ಕುದುರೀನೂ ಕಚ್ಚಂಗಿಲ್ಲ ಅಂತ ತಲೆಗೆ ಗೊತ್ತೈತಿ ಅಣ್ಣಾ. ಕಾಲಿಗೆ ಯಾರು ಹೇಳೋರು?’ ಎಂದರು. ರಕ್ತ, ಕೀವು, ಹೆಣ ಯಾವುದಕ್ಕೂ ಅಂಜದ ಹೆಣ್ಣುಮಗಳು ಕುದುರೆಯೊಂದಕ್ಕೆ ಮಾತ್ರ ಹೀಗಾಗುತ್ತಿದ್ದರು.

ನನಗೆ ಹೊಳೆದ ಮೊದಲ ಉಪಾಯ ಜಟಕಾದವನಿಗೆ ಹೊಳೆಯುವಂಥದ್ದೇ. ಕುದುರೆ ಅಕ್ಕಪಕ್ಕ ನೋಡಿ ಬೆದರಬಾರದೆಂದು ನಾವು ಅದಕ್ಕೆ ಕಣ್ಣುಪಟ್ಟಿ ಕಟ್ಟುತ್ತೇವೆ. ಹಾಗೆಯೇ ಗಾಡಿಯ ನಡುವೆ ಕಂಬಳಿ ಇಳಿಬಿಟ್ಟು, ನರ್ಸಮ್ಮನನ್ನು ಹಿಂದಿನಿಂದ ಹತ್ತಿಸಿದೆ. ಕಿವಿಗೆ ಹತ್ತಿ ಇಟ್ಟುಕೊಂಡು ಕೂತರು. ಒಂದೆರಡು ಸಲ ನಡೆಯಿತು, ನಾನು ಗೆದ್ದೆನೆಂದು ಬೀಗಿದೆ. ಆದರೆ ಹೆದರಿಕೆ ಕಂಬಳಿಯ ಹಿಂದೆ ಬೆಳೆಯುತ್ತಿತ್ತು. ಆಮೇಲೆ ಕುದುರೆಯ ವಾಸನೆ ಬಂದರೇ ಮೂಗಿಗೆ ಸೆರಗು ಒತ್ತಿಕೊಳ್ಳತೊಡಗಿದರು. ಕೊನೆಗೆ ದೂರದಲ್ಲಿ ಗೆಜ್ಜೆ ಸದ್ದಾದರೂ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆಗ ಅಪ್ಪ ಹೇಳಿಕೊಟ್ಟ ಪಾಠ ನೆನಪಾಯಿತು. ರೈಲು ಇಂಜಿನ್ನಿಗೆ ಬೆದರುವ ಮರಿಕುದುರೆಯನ್ನು ಅಪ್ಪ ಸ್ಟೇಷನ್ನಿನಿಂದ ದೂರ ಇಡುತ್ತಿರಲಿಲ್ಲ, ಒಮ್ಮೆಗೇ ಇಂಜಿನ್ ಪಕ್ಕಕ್ಕೂ ಎಳೆಯುತ್ತಿರಲಿಲ್ಲ. ಹೊಗೆ ಕಾಣುವಷ್ಟು ದೂರದಲ್ಲಿ ಹಿಡಿದು ನಿಲ್ಲುತ್ತಿದ್ದರು. ಅದರ ಕಿವಿ ಸಡಿಲಾಗಿ ಉಸಿರು ಇಳಿಯುವವರೆಗೆ ಕದಲುತ್ತಿರಲಿಲ್ಲ. ಆಮೇಲೆ ಸ್ವಲ್ಪ ಮುಂದಕ್ಕೆ, ಮತ್ತೆ ನಿಲ್ಲುವುದು. ‘ಹೆದರಿಕೊಂಡಿರುವಾಗ ತಿರುಗಿಸಿದರೆ, ಓಡಿಹೋದದ್ದರಿಂದಲೇ ಬದುಕಿದೆ ಅಂತ ಕಲಿಯುತ್ತದೆ’ ಎನ್ನುತ್ತಿದ್ದರು. ನನ್ನ ಕಂಬಳಿ ಅದನ್ನೇ ಕಲಿಸಿತ್ತು.

ಆದರೆ ಕುದುರೆ ಪಳಗಿಸಿದಂತೆ ಪಳಗಿಸುತ್ತೇನೆಂದು ಹೆಣ್ಣುಮಗಳ ಮುಂದೆ ಹೇಳುವುದು ಹೇಗೆ? ಕೊನೆಗೆ ಇದ್ದದ್ದನ್ನೇ ಹೇಳಿದೆ. ಶಾಂತಮ್ಮ ಮೊದಲ ಸಲ ನಕ್ಕರು. ‘ಆಗ್ಲಿ ಅಣ್ಣಾ. ಹುಲ್ಲು ಒಂದು ಹಾಕಬ್ಯಾಡ್ರಿ.’ ಡಾಕ್ಟರಮ್ಮನೂ ಒಪ್ಪಿದರು, ‘ಅವರು ಸಾಕು ಅಂದಲ್ಲಿ ನಿಲ್ಲಿಸಬೇಕು, ಬಲವಂತ ಕೂಡದು’ ಎಂಬ ಷರತ್ತಿನ ಮೇಲೆ.

ಬೆಳಿಗ್ಗೆ ಡ್ಯೂಟಿಗೆ ಮೊದಲು ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಶುರುಮಾಡಿದೆವು. ಬಿಜಲಿ ಬೇವಿನ ಮರದ ಕೆಳಗೆ, ಶಾಂತಮ್ಮ ವರಾಂಡದ ಕಂಬದ ಹತ್ತಿರ. ಕುದುರೆಯಾದರೆ ಕಿವಿ ನೋಡಿ ತಿಳಿಯುತ್ತದೆ, ಮನುಷ್ಯರದು ಹೇಗೆ ತಿಳಿಯುವುದು? ಅದಕ್ಕೆ ಅವರೇ ದಾರಿ ಕಂಡುಕೊಂಡರು. ತಮ್ಮ ಮಣಿಕಟ್ಟು ತಾವೇ ಹಿಡಿದು, ಗಡಿಯಾರ ನೋಡುತ್ತಾ ನಾಡಿ ಎಣಿಸುತ್ತಿದ್ದರು. ಮೊದಲು ಓಡುತ್ತಿದ್ದ ನಾಡಿ ನಿಂತಲ್ಲೇ ನಿಂತರೆ ತಾನಾಗಿ ಇಳಿಯುತ್ತಿತ್ತು. ಅದು ಇಳಿಯುತ್ತದೆ ಎನ್ನುವುದೇ ಅವರಿಗೆ ಹೊಸ ಸುದ್ದಿ, ಯಾಕೆಂದರೆ ಇಷ್ಟು ವರ್ಷ ಅದು ಇಳಿಯುವ ಮೊದಲೇ ಓಡುತ್ತಿದ್ದರು. ಇಳಿದ ಮೇಲೆ ‘ಹ್ಞೂ’ ಎಂದು ಒಂದು ಹೆಜ್ಜೆ ಮುಂದೆ ಬರುತ್ತಿದ್ದರು.

ಅರ್ಧ ಅಂಗಳ ದಾಟಿದ್ದಾಗ ಒಂದು ದಿನ ರುದ್ರಪ್ಪ ನೋಡಲು ಬಂದ. ‘ಹೊಳ್ಯಾಗ ಒಂದೇ ಸಲ ಮುಳುಗಿದ್ರೆ ಚಳಿ ಬಿಡ್ತೈತಿ!’ ಎನ್ನುತ್ತಾ ತಮಾಷೆಗೆ ಬಿಜಲಿಯನ್ನು ಹಿಡಿದೆಳೆದು ಅವರ ಮುಖದ ಹತ್ತಿರಕ್ಕೇ ತಂದುಬಿಟ್ಟ. ಶಾಂತಮ್ಮ ಚೀರಿ ಒಳಗೆ ಓಡಿದರು. ರುದ್ರಪ್ಪನ ಕೊರಳಪಟ್ಟಿ ಹಿಡಿದೆ. ‘ಹೊಳಿಗೆ ತಾನಾಗಿ ಇಳಿಯೋದು ಬ್ಯಾರೆ, ಇನ್ನೊಬ್ಬ ದಬ್ಬೋದು ಬ್ಯಾರೆ ಕಣಲೇ!’

ಮಾರನೆಯ ಬೆಳಿಗ್ಗೆ ಅವರಿಗೆ ಬಾಗಿಲಿನಿಂದ ಹೊರಗೆ ಕಾಲಿಡಲಾಗಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡು ಕುದುರೆ ಬಿಚ್ಚಲು ಹೋದೆ.

‘ಎಲ್ಲಿಗ್ರಿ ಅಣ್ಣಾ? ಯುಗಾದಿ ಇನ್ನೂ ಬಂದಿಲ್ಲ’ ಎಂದರು ಒಳಗಿನಿಂದ. ‘ಇಲ್ಲಿಂದನೇ ಶುರು ಮಾಡೋಣ.’

ಹೊಸ್ತಿಲಿನಿಂದ ಮತ್ತೆ ಶುರುವಾಯಿತು. ಈ ಸಲ ಬೇಗ ಸಾಗಿದೆವು. ಕುದುರೆಯ ಮೈಮೇಲಿನ ತೊಗಲಿನ ಪಟ್ಟಿ ಮುಟ್ಟಿದರು, ಆಮೇಲೆ ಪಕ್ಕೆ. ಅಂಗೈ ಚಪ್ಪಟೆ ಮಾಡಿ ಹುರುಳಿ ತಿನ್ನಿಸಿದ ದಿನ, ‘ಏನ್ರಿ ಇದು, ಇದರ ತುಟಿ ಕೂಸಿನ ಕೆನ್ನೆ ಇದ್ದಂಗೈತಿ!’ ಎಂದು ಬೆರಗಾದರು. ಕಂಬಳಿ ತೆಗೆದೆ. ಹಿಂದಿನ ಸೀಟಿನಲ್ಲಿ ಕುಳಿತು ಎರಡು ಹೆರಿಗೆಗೆ ಹೋಗಿಬಂದರು. ಮುಂದೆ ಕೂಡ್ರುವುದು ಮಾತ್ರ ಆಗಲಿಲ್ಲ.

ಯುಗಾದಿಗೆ ಇನ್ನು ಕೆಲವೇ ದಿನ ಇರುವಾಗ, ಮಟಮಟ ಮಧ್ಯಾಹ್ನ ಹತ್ತಿ ಮಿಲ್ಲಿನ ಕೂಲಿಗಳ ಓಣಿಯಿಂದ ಕರೆ ಬಂತು. ಅಲ್ಲಿ ಗಾಡಿ ನಿಲ್ಲಿಸಿದಾಗ ಮನೆಯೊಳಗೆ ಹೋದ ಶಾಂತಮ್ಮ ಕ್ಷಣದಲ್ಲೇ ಹೊರಬಂದರು. ‘ಮಗುವಿನ ಕೈ ಮುಂದೆ ಬಂದೈತಿ. ಇಲ್ಲಿ ಆಗಂಗಿಲ್ಲ, ಡಾಕ್ಟರಮ್ಮನ ಹತ್ರನೇ ಒಯ್ಯಬೇಕು.’

ಗರ್ಭಿಣಿಯನ್ನು ಹಿಂದೆ ಅಡ್ಡ ಮಲಗಿಸಿದೆವು, ಅವಳನ್ನು ಹಿಡಿದುಕೊಳ್ಳಲು ಅತ್ತೆ ಹತ್ತಿದಳು. ಹಿಂದೆ ಭಾರ ಹೆಚ್ಚಾಗಿ ಗಾಡಿಯ ಮುಂಭಾಗ ಮೇಲೆದ್ದಿತು. ಹಾಗೆ ಓಡಿಸಿದರೆ ಗಾಡಿ ಹಿಂದಕ್ಕೆ ಮಗುಚುತ್ತದೆ, ಮುಂದೆ ಇನ್ನೊಬ್ಬರು ಕೂರಲೇಬೇಕು. ಗಂಡ ಮಿಲ್ಲಿನಲ್ಲಿದ್ದ, ಗರ್ಭಿಣಿ ಅತ್ತೆಯ ಕೈ ಬಿಡಲೊಲ್ಲಳು. ನಾನು ಶಾಂತಮ್ಮನ ಮುಖ ನೋಡಿದೆ. ಅಲ್ಲಿ ಕೂತರೆ ಕುದುರೆಯ ಬಾಲ ಮೊಣಕಾಲಿಗೆ ಬಡಿಯುತ್ತದೆ.

ಅವರು ಕಬ್ಬಿಣದ ಮೆಟ್ಟಿಲಿಗೆ ಕಾಲಿಟ್ಟರು.

‘ಹೆದರಿಕೆ ಹೋತೇನ್ರಿ ಅಮ್ಮಾ?’

‘ಇಲ್ಲ ಅಣ್ಣಾ, ಐತಿ. ಇರ್ಲಿ ಬಿಡ್ರಿ. ಹೊಡೀರಿ ಗಾಡಿ.’

ಲಗಾಮು ಎತ್ತಿದೆ. ಎಮ್ಮೆ ನಡಿಗೆಯ ಬಿಜಲಿ ಅವತ್ತು ಓಡಿತು. ಶಾಂತಮ್ಮ ಒಂದು ಕೈಯಲ್ಲಿ ಗಾಡಿಯ ಸರಳು ಹಿಡಿದು, ಹಿಂದೆ ತಿರುಗಿ ‘ಉಸಿರು ಬಿಡವ್ವ, ತಿಣುಕಬ್ಯಾಡ’ ಎಂದು ದಾರಿಯುದ್ದಕ್ಕೂ ಧೈರ್ಯ ಹೇಳುತ್ತಲೇ ಇದ್ದರು. ಆಪರೇಷನ್ ಆಯಿತು. ತಾಯಿ ಉಳಿದಳು, ಮಗುವೂ ಉಳಿಯಿತು. ಯುಗಾದಿಯ ಮಾತನ್ನು ಡಾಕ್ಟರಮ್ಮ ಮತ್ತೆ ಎತ್ತಲಿಲ್ಲ.

ಎಷ್ಟೋ ವರ್ಷಗಳ ನಂತರ ಶಾಂತಮ್ಮ ಒಂದು ತರಬೇತಿಗೆ ಹೋಗಿ ಬಂದು, ‘ಅಣ್ಣಾ, ನನಗಿದ್ದದ್ದಕ್ಕೆ ಫೋಬಿಯಾ ಅಂತಾರಂತೆ. ನಾವು ಮಾಡಿದ್ದಕ್ಕೂ ಒಂದು ಹೆಸರೈತಿ, ಎಕ್ಸ್‌ಪೋಷರ್ ಥೆರಪಿ’ ಎಂದರು. ಒಂದೇ ವಸ್ತುವಿಗೆ, ಒಂದೇ ಪ್ರಾಣಿಗೆ ಕೈಮೀರಿ ಹೆದರುವ ಜನ ಬಹಳ ಇದ್ದಾರಂತೆ. ಮನೋವೈದ್ಯರು ಅವರನ್ನು ಹೀಗೆಯೇ, ಅವರ ಒಪ್ಪಿಗೆಯಿಂದ, ಸುಲಭದ್ದರಿಂದ ಕಷ್ಟದ್ದಕ್ಕೆ ಹಂತಹಂತವಾಗಿ ಎದುರಿಗೆ ನಿಲ್ಲಿಸಿ ಗುಣಪಡಿಸುತ್ತಾರಂತೆ. ನಮಗೆ ಡಾಕ್ಟರಮ್ಮನ ಕಾವಲಿತ್ತು. ಇಂಥ ಹೆದರಿಕೆ ಇದ್ದವರು ನಾಚಿಕೊಳ್ಳದೆ ವೈದ್ಯರ ಹತ್ತಿರ ಹೋಗಬೇಕು, ಮನೆಯವರು ನಗಬಾರದು, ದಬ್ಬಲೂಬಾರದು. ಹೆದರಿಕೆ ಪೂರ್ತಿ ಹೋಗಲೆಂದು ಕಾಯುತ್ತಾ ಕೂತರೆ ಗಾಡಿ ಹೊರಡುವುದಿಲ್ಲ. ನನ್ನ ಕಸುಬು ನನಗೆ ಕಲಿಸಿದ್ದು ಇದು.

ಜಟಕಾಗಳ ಕಾಲ ಮುಗಿಯಿತು. ಈಗ ನನಗಿರುವುದು ವಿನೋಬನಗರದಲ್ಲಿ ಹೆಂಚಿನ ಮನೆ ಒಂದು, ಬಾಡಿಗೆಗೆ ಬಿಟ್ಟ ಆಟೋ ಎರಡು, ಮಕ್ಕಳು ನಾಲ್ವರು. ಆ ನಾಲ್ವರೂ ಹುಟ್ಟುವಾಗ ಜಟಕಾ ಹತ್ತಿ ನಮ್ಮ ಮನೆಗೆ ಬಂದವರು ಶಾಂತಮ್ಮನವರೇ.